ಅಪ್ಪ ಕೇಳಿದ್ದು

ಮುಚ್ಚಿಟ್ಟ ರೊಟ್ಟಿ ಬುಟ್ಟಿಯ ಮುಂದೆ ಹಸಿದು ಕೂತ ಅಪ್ಪ: ನನ್ನ ಬಾಲ್ಯದ ಬೆಳಗುಗಳೆಲ್ಲ ಈ ಒಂದೇ ಚಿತ್ರದಲ್ಲಿ ಉಳಿದಿವೆ. ಒಳಗೆ ದೇವರ ಕೋಣೆಯಲ್ಲಿ ಅವ್ವ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿರುತ್ತಿದ್ದಳು. ಹೊರಗೆ ಅಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಹಿಂದಿನ ದಿನದ ಪತ್ರಿಕೆಯನ್ನೇ ಮತ್ತೆ ಓದುತ್ತ, ನಡುನಡುವೆ ಒಳಕ್ಕೆ ಕೂಗುತ್ತಿದ್ದ: "ಪೂಜಿ ಆತೇನು?"

ಪೂಜೆಯಾಗದೆ ಅವ್ವ ಬಾಯಿಗೆ ನೀರು ಹಾಕುವವಳಲ್ಲ. ಅವ್ವ ಬಾರದೆ ಅಪ್ಪ ಬುಟ್ಟಿಯ ಮುಚ್ಚಳ ತೆಗೆಯುವವನಲ್ಲ. ದೇವರೇ ಇಲ್ಲ ಎನ್ನುವ ಮನುಷ್ಯ ದೇವರ ಪೂಜೆ ಮುಗಿಯಲೆಂದು ದಿನವೂ ಕಾಯುತ್ತಿದ್ದ.

ಅಪ್ಪ ಹಲ್ಲಿನ ಸೆಟ್ಟು ಮಾಡುತ್ತಿದ್ದ. ಪೇಟೆಯ ಮೂಲೆಯಲ್ಲಿ ಅವನ ಸಣ್ಣ ಅಂಗಡಿ. ಊರಿನ ಮುದುಕ ಮುದುಕಿಯರ ಬಾಯಲ್ಲೆಲ್ಲ ಅವನದೇ ಕೈಕೆಲಸ. 'ಹಲ್ಲಿನ ಚನ್ನವೀರಪ್ಪ' ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ದೇವರಿಲ್ಲ ಎಂದು ಅವನು ಸಾರಿಕೊಂಡು ತಿರುಗಿದವನಲ್ಲ, ಕೇಳಿದರೆ ಮುಚ್ಚಿಟ್ಟವನೂ ಅಲ್ಲ. ಪ್ರಸಾದ ಕೊಟ್ಟರೆ ತಿನ್ನುತ್ತಿದ್ದ, "ಸಕ್ರಿ ಸ್ವಲ್ಪ ಮುಂದಾಗೇತಿ ನೋಡ್ರಿ" ಎನ್ನುತ್ತಿದ್ದ. ಹರೆಯದಲ್ಲೇ ಕೊರಳಿನ ಲಿಂಗ ತೆಗೆದು ತನ್ನ ತಾಯಿಯ ಕೈಗೆ ಕೊಟ್ಟು, "ನನ್ನ ಎದಿ ಮ್ಯಾಲ ಸುಮ್ಮನ ಜೋತಾಡತೈತಿ, ನಿನ್ನ ಹತ್ರ ಇದ್ರ ಪೂಜಿನಾದ್ರೂ ಆಗ್ತೈತಿ" ಎಂದಿದ್ದನಂತೆ. ಮಠದ ಹಿರಿಯ ಅಯ್ಯನವರ ಹಲ್ಲು ಉದುರಿ ಮಂತ್ರವೆಲ್ಲ ಗಾಳಿಯಾಗತೊಡಗಿದಾಗ ಸೆಟ್ಟು ಕಟ್ಟಿಕೊಟ್ಟವನೂ ಅವನೇ. "ನನ್ನ ಹಲ್ಲಿನ್ಯಾಗ ದೇವರ ಹೆಸರು ಹೇಳ್ರಿ ಅಯ್ಯಾರ, ನನ್ನದೇನೂ ತಕರಾರಿಲ್ಲ" ಎಂದಾಗ ಅಯ್ಯನವರು ಹೊಸ ಹಲ್ಲು ತೋರಿಸಿ ನಕ್ಕಿದ್ದರು. ಊರು ಅವನನ್ನು ಸಹಿಸಿಕೊಂಡಿದೆ ಎಂದು ನಾನು ನಂಬಿದ್ದೆ. ಊರು ತನ್ನ ಸರದಿಗಾಗಿ ಕಾಯುತ್ತಿತ್ತು ಎಂದು ತಿಳಿದದ್ದು ಆಮೇಲೆ.

ಒಂದು ಸಲ ಊಟದ ನಡುವೆ ಅಪ್ಪ ಹೇಳಿದ್ದ: "ನಾ ಸತ್ತ ಮ್ಯಾಲ ನನ್ನ ಕೊರಳಿಗೆ ಏನೂ ಕಟ್ಟಬ್ಯಾಡ್ರಿ. ಹೆಂಗದೀನಿ ಹಂಗ ಇಟ್ಟುಬಿಡ್ರಿ."

"ಉಣ್ಣೋ ಹೊತ್ತಿನ್ಯಾಗ ಎಂಥ ಮಾತು!" ಎಂದು ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ದಳು. ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ.

ಅಪ್ಪನ ಎದೆ ಸೋತು ಅವನು ಹಾಸಿಗೆ ಹಿಡಿದಾಗ ನಾನು ಪಕ್ಕದ ಊರಿನ ಶಾಲೆಯಲ್ಲಿ ಟೀಚರಾಗಿದ್ದೆ. ರಜೆ ಹಾಕಿ ಬಂದೆ. ಆ ಬೆಳಗ್ಗೆ ಅವನ ತಲೆದೆಸೆಯಲ್ಲಿ ಕೂತು ಚಮಚದಲ್ಲಿ ನೀರು ಹಾಕುತ್ತಿದ್ದೆ. ಅರ್ಧ ಕಟಬಾಯಿಯಿಂದ ಸುರಿದು ನನ್ನ ಕೈ ಒದ್ದೆಯಾಗುತ್ತಿತ್ತು. ಅವ್ವ ಒಳಗಿದ್ದಳು. ಮುಚ್ಚಿದ ರೊಟ್ಟಿ ಬುಟ್ಟಿ ತನ್ನ ಜಾಗದಲ್ಲಿತ್ತು. ಅಪ್ಪ ಮೆಲ್ಲಗೆ ದೇವರ ಕೋಣೆಯ ಕಡೆಗೆ ಮುಖ ಹೊರಳಿಸಿದ.

"ಪೂಜಿ..." ಎಂದ. ಉಸಿರು ಎಳೆದುಕೊಂಡು ಮತ್ತೆ, "ಪೂಜಿ ಆತೇನು?"

ಅವ್ವ ಅರ್ಧಕ್ಕೇ ಎದ್ದು, ಅಂಗೈಯ ಲಿಂಗದ ಸಮೇತ ಓಡಿ ಬಂದಳು. "ಆತು, ಆತು. ಬಂದೆ ನೋಡ್ರಿ" ಎಂದಳು. ಪೂಜೆ ಆಗಿರಲಿಲ್ಲ. ಅವಳು ಅವನಿಗೆ ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಅವಳನ್ನೇ ನೋಡುತ್ತ ಕೊನೆಯ ಉಸಿರು ಬಿಟ್ಟ.

ಬಿಸಿಲೇರುವಷ್ಟರಲ್ಲಿ ಮನೆ ತುಂಬ ಜನ. ಅಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಿರಿಯ ಅಯ್ಯನವರು ಬಂದರು, ಹೊಸ್ತಿಲ ಆಚೆಗೇ ನಿಂತರು.

"ಕೊರಳಾಗ ಲಿಂಗ ಇಲ್ಲದಾವನ್ನ ನಮ್ಮ ರುದ್ರಭೂಮಿಯೊಳಗ ಹೆಂಗ ಇಡೋದು, ನೀಲವ್ವಾ? ಬದುಕಿದ್ದಾಗ ಒಲ್ಲೆ ಅಂದಾವ, ಸತ್ತ ಮ್ಯಾಲ ಒಪ್ಪಿದ ಅಂತ ನಾವು ಹೆಂಗ ತಿಳ್ಕೊಳ್ಳೋದು?"

ಒಂದಕ್ಷರವೂ ಗಾಳಿಗೆ ಹೋಗಲಿಲ್ಲ. ಅಪ್ಪ ಕಟ್ಟಿದ ಹಲ್ಲುಗಳು ಅಷ್ಟು ಚೆನ್ನಾಗಿದ್ದವು. ಅಂಗಳದಲ್ಲಿ ಹಾರೆ ಸಲಿಕೆ ಹಿಡಿದು ನಿಂತ ಗಂಡಸರು ನೆಲ ನೋಡಿದರು.

ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಅಯ್ಯಾರ, ಕೊನೀಗೆ ಅವರು ಪೂಜಿ ಅಂದ್ರು. ಎರಡು ಸಲ ಅಂದ್ರು. ನನ್ನ ಅಂಗೈಯಾಗ ಲಿಂಗ ಇತ್ತು. ಈ ಕಡೆ ನೋಡಿಕೋತನ ಜೀವ ಬಿಟ್ರು."

ಬಿಡಿಬಿಡಿಯಾಗಿ ಒಂದೊಂದು ಮಾತೂ ನಿಜ. ಹೆಂಗಸರ ನಡುವಿನಿಂದ 'ಶಿವಶಿವಾ' ಎಂಬ ನಿಟ್ಟುಸಿರು ಎದ್ದಿತು. ನನಗೆ ತಡೆಯಲಾಗಲಿಲ್ಲ.

"ಅಲ್ಲರೀ, ಅಪ್ಪ ಕೇಳಿದ್ದು ಅದಲ್ಲ. ಪೂಜಿ ಆತೇನು ಅಂತ ಕೇಳಿದ. ಅವ್ವನ ಕೂಡ ಉಣ್ಣಾಕ ದಿನಾ ಹಂಗ ಕೇಳ್ತಿದ್ದ..."

"ಆಕಿ ನೀರು ತರಾಕ ಹೊರಗ ಹೋಗಿದ್ಲು," ಎಂದಳು ಅವ್ವ. ನನ್ನ ಕಡೆ ನೋಡಲಿಲ್ಲ. "ಆಕಿ ಕಿವಿಗೆ ಏನೂ ಬಿದ್ದಿಲ್ಲ."

ಎಲ್ಲರೂ ಕನಿಕರದಿಂದ ನನ್ನತ್ತ ನೋಡಿದರು. ತಂದೆಯ ಕೊನೆಯ ಗಳಿಗೆ ತಪ್ಪಿಸಿಕೊಂಡ ಮಗಳು, ಪಾಪ. ಅಯ್ಯನವರು ಹೊಸ್ತಿಲು ದಾಟಿ ಒಳಗೆ ಬಂದರು.

ಹಿತ್ತಲಲ್ಲಿ ನಾನು ಅವ್ವನ ತೋಳು ಹಿಡಿದು ನಿಲ್ಲಿಸಿದೆ. "ಯಾಕವ್ವಾ?"

"ಇಟ್ಟಂಗಿ ಭಟ್ಟಿ ಹಿಂದ, ಅನಾಥ ಹೆಣ ಹೂಳೋ ಜಾಗದಾಗ ನಿಮ್ಮಪ್ಪನ್ನ ಇಡ್ಲೇನು? ನಾಳೆ ನನ್ನ ಎಲ್ಲಿ ಇಡ್ತಿ? ಅವರೊಂದು ಕಡಿ, ನಾನೊಂದು ಕಡಿ?"

"ಅಪ್ಪ ಕೇಳಿಕೊಂಡಿದ್ನಲ್ಲ, ಏನೂ ಕಟ್ಟಬ್ಯಾಡ್ರಿ ಅಂತ."

"ಸತ್ತಾವರಿಗೆ ಏನೂ ತಿಳಿಯಂಗಿಲ್ಲ ಅಂತ ಅವರ ಹೇಳ್ತಿದ್ರಲ್ಲ," ಎಂದು ಅವ್ವ ತೋಳು ಬಿಡಿಸಿಕೊಂಡಳು. ಅವಳ ಕಣ್ಣಲ್ಲಿ ಅಷ್ಟು ನೀರಿದ್ದರೂ ದನಿ ಒಣಗಿತ್ತು.

ಕೊರಳಿಗೆ ಹೊಸ ಲಿಂಗ ಕಟ್ಟಿದರು. ಅಪ್ಪನನ್ನು ನಮ್ಮವರ ರುದ್ರಭೂಮಿಯಲ್ಲಿ, ಪಕ್ಕದಲ್ಲಿ ಒಂದು ಜಾಗ ಬಿಟ್ಟು ಮಣ್ಣು ಮಾಡಿದರು. ಆ ಖಾಲಿ ಜಾಗ ನೋಡಿ ಅವ್ವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಸುಳ್ಳು ಆ ಗುಂಡಿಯ ಮಟ್ಟಿಗೆ ಹೇಳಿದ್ದು, ಮಣ್ಣಿನ ಜೊತೆ ಅದೂ ಮುಚ್ಚಿಹೋಗುತ್ತದೆ ಎಂದುಕೊಂಡೆ.

ಅದು ಮುಚ್ಚಿಹೋಗಲಿಲ್ಲ. ಮೊದಲು ಬಾವಿಕಟ್ಟೆಯಲ್ಲಿ, ಆಮೇಲೆ ಪೇಟೆಯಲ್ಲಿ, ಕೊನೆಗೆ ಮಠದಲ್ಲಿ ಅಯ್ಯನವರ ಪ್ರವಚನದಲ್ಲಿ ಕೇಳಿಸಿತು. ಜೀವಮಾನವೆಲ್ಲ ದೇವರನ್ನು ಅಲ್ಲಗಳೆದ ಒಬ್ಬ ನಾಸ್ತಿಕ ಸಾವು ಎದುರಾದಾಗ ನಡುಗಿ, ಕೈಮುಗಿದು, 'ಪೂಜೆ, ಪೂಜೆ' ಎಂದು ಅತ್ತನಂತೆ. ಹೇಳುತ್ತ ಹೇಳುತ್ತ ನಡುಕ ಬಂತು, ಅಳು ಬಂತು, ಹಲ್ಲಿನ ಅಂಗಡಿಯೂ ಬಂತು. ಯಾರಿಗೂ ಹೆದರದ ನನ್ನಪ್ಪ ಸತ್ತ ಮೇಲೆ ಹೇಡಿಯಾದ. ಸಭೆ ಮುಗಿದಾಗ ಹೆಂಗಸರು ಸಾಲಾಗಿ ಬಂದು ಅವ್ವನ ಕಾಲಿಗೆರಗಿದರು. ಗಂಡನನ್ನು ದಡ ಸೇರಿಸಿದ ಪುಣ್ಯವಂತೆ! ಅವ್ವ ಅವರ ತಲೆ ಮುಟ್ಟಿ ಹರಸಿದಳು.

ಮನೆಗೆ ಬಂದ ಮೇಲೆ ಕೇಳಿದೆ: "ಊರು ಏನರೆ ಅಂದ್ಕೊಳ್ಳಲಿ. ನಿನಗಾದ್ರೂ ಗೊತ್ತೈತಲ್ಲವ್ವಾ, ಅಪ್ಪ ಏನು ಕೇಳಿದ ಅಂತ?"

ಅವ್ವ ನನ್ನತ್ತ ತಿರುಗಿದಳು. ನಟನೆಯಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಮುಖದಲ್ಲಿ ಎಂಥದೋ ಹೊಸ ಬೆಳಕು.

"ಪೂಜಿ ಅಂದ್ರು. ನಾ ಕಿವಿಯಾರೆ ಕೇಳೀನಿ. ನೀ ಆವಾಗ ನೀರು ತರಾಕ ಹೋಗಿದ್ದಿ."

ಅದನ್ನು ಅವಳು ಮೆಲ್ಲಗೆ, ಸಮಾಧಾನ ಹೇಳುವವಳಂತೆ ಹೇಳಿದಳು. ಆ ಬೆಳಗನ್ನು ಇದ್ದಂತೆ ನೆನಪಿಟ್ಟುಕೊಂಡವಳು ಭೂಮಿಯ ಮೇಲೆ ಇನ್ನು ನಾನೊಬ್ಬಳೇ ಎಂಬುದು ಆಗ ತಿಳಿಯಿತು. ನಾನು ಹೋದ ದಿನ ಅಪ್ಪನ ಆ ಮಾತೂ ಹೋಗುತ್ತದೆ, ಅಯ್ಯನವರದು ಉಳಿಯುತ್ತದೆ.

ವರ್ಷದ ಪೂಜೆಗೆಂದು ಅವ್ವ ಅಪ್ಪನ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತರಿಸಿದ್ದಳು. ನಾನು ಊರಿಗೆ ಬಂದಾಗ ಅದು ನಡುಮನೆಯಲ್ಲಿ ತೂಗುತ್ತಿತ್ತು. ಅದೇ ಬಾಚದ ಕೂದಲು, ನಗು ತಡೆದುಕೊಂಡ ಅದೇ ತುಟಿ. ಹಣೆಯ ಮೇಲೆ ಮಾತ್ರ ಬೆಳ್ಳಗೆ ಮೂರು ಪಟ್ಟೆ ವಿಭೂತಿ. ಬಂದವರು ಯಾರೋ ಹಚ್ಚಿರಬೇಕು ಎಂದುಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ ಸ್ಟೂಲು ಹತ್ತಿ ಹೆಬ್ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ಸೆರಗು ಒದ್ದೆ ಮಾಡಿಕೊಂಡು ಉಜ್ಜಿದೆ. ಗಾಜು ಫಳಫಳ ಹೊಳೆಯಿತು. ವಿಭೂತಿ ಗಾಜಿನ ಒಳಗಿತ್ತು.