ಕೊನೆಯ ಟ್ರ್ಯಾಕಿನ ತಪ್ಪು

ಗಂಡ ಈವನ್‌ನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಮಾರ್ನಿ ಟೋಸ್ಟಿಗೆ ಬೆಣ್ಣೆ ಸವರಿಕೊಂಡು ಅವನ ಲ್ಯಾಪ್‌ಟಾಪ್ ತೆರೆದಳು. ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಮಾಡಿ ಹಂಚಿಕೊಳ್ಳುವ ಹೋಬಾರ್ಟಿನ ಗೆಳೆಯರ ಆನ್‌ಲೈನ್ ಗುಂಪಿನಲ್ಲಿ ಈವನ್‌ನ ಹೊಸ ಟ್ರ್ಯಾಕ್ ಬಂದಿತ್ತು. ಈ ದಿನ ಅದು ತಾನಾಗಿಯೇ ಗುಂಪಿಗೆ ಹೋಗುವಂತೆ ಅವನು ಆಸ್ಪತ್ರೆ ಸೇರುವ ಮುನ್ನವೇ ಗೊತ್ತುಮಾಡಿಟ್ಟಿದ್ದ.

ಆ ಗುಂಪಿನಲ್ಲಿ ಹೊಗಳುವ ಮುಂಚೆ ಒಂದು ತಪ್ಪು ಹೇಳಲೇಬೇಕು. ಈವನ್ ಕಾಯುತ್ತಿದ್ದುದೇ ಅದಕ್ಕೆ. ಇಂದು ಮಾತ್ರ ಎಲ್ಲರೂ ಬರೀ ಹೃದಯದ ಚಿತ್ರ ಕಳಿಸಿದ್ದರು. ಅವನು ಸತ್ತದ್ದು ಮಾರ್ನಿಗೆ ನಿನ್ನೆಗಿಂತ ಈಗ ಹೆಚ್ಚು ನಿಜವೆನಿಸಿತು.

ಈವನ್ ಎರವಲು ತಂದಿದ್ದ, ತಾಳ ನುಡಿಸುವ ಡ್ರಮ್ ಮಷೀನನ್ನು ಎತ್ತಿಕೊಂಡು ಅವಳು ಅದರ ಒಡೆಯ, ಅದೇ ಗುಂಪಿನ ಗೆಳೆಯ ಡೂಗಲ್‌ನ ಮನೆಗೆ ಹೋದಳು.

"ಅಯ್ಯೋ, ಇದಕ್ಕೇನು ಅವಸರ ಇತ್ತು ಮಾರ್ನಿ?"

"ಅವನ ಟ್ರ್ಯಾಕಲ್ಲಿ ತಪ್ಪೇನಿದೆ, ಹೇಳು."

"ಇವತ್ತು ಬೇಡ ಕಣೇ."

"ಕಾಯ್ತಾ ಇರ್ತಾನೆ, ಡೂಗಲ್."

ಅವನು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. "ಬೇಸ್ ಜಾಸ್ತಿ ಆಯ್ತು. ಆ ಕತ್ತೆ ಯಾವತ್ತು ನನ್ನ ಮಾತು ಕೇಳಿದಾನೆ? ಆಮೇಲೆ, ಕೊನೇಲಿ ಯಾರೋ ಉಸಿರಾಡೋದು ಸೇರ್ಕೊಂಡ್ಬಿಟ್ಟಿದೆ. ಕತ್ತರಿಸ್ಬೇಕಿತ್ತು..." ಅದು ಈವನ್‌ನದೇ ಉಸಿರೆಂದು ಹೊಳೆದು ಅವನು ಹೆಡ್‌ಫೋನ್ ತೆಗೆದ.

"ಅದನ್ನೇ ಬರಿ," ಎಂದಳು ಮಾರ್ನಿ. "ಅವನಿಗೇ ಬರಿ."

ಡೂಗಲ್ ಬರೆದು ಕಳಿಸಿದ. ಮಾರ್ನಿಯ ಚೀಲದೊಳಗೆ ಈವನ್‌ನ ಫೋನು ಸಣ್ಣಗೆ ಸದ್ದು ಮಾಡಿತು. ಯಾರಾದರೂ ಎತ್ತಿಕೊಳ್ಳುತ್ತಾರೇನೋ ಎಂಬಂತೆ ಇಬ್ಬರೂ ಅತ್ತ ನೋಡಿದರು.

ಆಮೇಲೆ ಅವಳು ಡ್ರಮ್ ಮಷೀನನ್ನು ಡೂಗಲ್‌ನ ಮೇಜಿನ ಮೇಲಿಟ್ಟು, ಅದರ ವಯರನ್ನು ಸುತ್ತಿ ಪಕ್ಕದಲ್ಲಿಟ್ಟಳು.