ಬಾಯಲ್ಲಿದ್ದ ಉತ್ತರ

“ಹತ್ತು ವರ್ಷ ಸರ್ಕಾರದ ಬಿಸಿಯೂಟ ತಿಂದಿದ್ದೀಯ, ನಿನ್ನ ಹೆಸರು ನೆಟ್ಟಗೆ ಬರೆಯೋಕೆ ಬರಲ್ಲ. ನಿಂಗೆ ಬರೆಯೋಕೊಬ್ಬಳು ಆಳು ಬೇರೆ ಬೇಕೇನೇ, ದರಿದ್ರ ಮುಂಡೇದೆ?”

ಭದ್ರಾವತಿಯ ಪರೀಕ್ಷಾ ಕೇಂದ್ರದ ಜಗುಲಿಯಲ್ಲಿ ಹೆಡ್ಮಾಸ್ಟರು ಉಮಾಮಹೇಶ್ವರ ಎಲ್ಲರಿಗೂ ಕೇಳುವಂತೆ ಅಂದರು. ಬೈಸಿಕೊಂಡವಳು ಅವರದೇ ಶಾಲೆಯ ಸಮತಾ. ಅಕ್ಷರಗಳು ಅವಳ ಕಣ್ಣಮುಂದೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿದ್ದವು. ಕಿವಿಗೆ ಬಿದ್ದದ್ದು ಮಾತ್ರ ಮರೆಯುತ್ತಿರಲಿಲ್ಲ. ಶಿವಮೊಗ್ಗದ ದೊಡ್ಡಾಸ್ಪತ್ರೆಯವರು ಡಿಸ್ಲೆಕ್ಸಿಯಾ ಎಂದು ಬರೆದುಕೊಟ್ಟಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಒಂಬತ್ತನೇ ಕ್ಲಾಸಿನ ಮಾನಸಳನ್ನು ಕೂರಿಸುತ್ತೇನೆಂದು ಒಪ್ಪಿದ್ದವರು ಇದೇ ಮೇಷ್ಟ್ರು. ಆ ಒಪ್ಪಿಗೆಗಾಗಿ ಅವ್ವ ಈಶ್ವರಮ್ಮ ಮಳೆಗಾಲದಿಂದ ಅವರ ಮನೆಯ ಪಾತ್ರೆ ತಿಕ್ಕಿದ್ದಳು.

“ಮಾನಸ ಎಲ್ಲಿ ಸಾ?” ಎಂದಳು ಈಶ್ವರಮ್ಮ.

“ಪ್ರಣವಂಗೆ ಬರೀತಾಳೆ. ನಿನ್ ಮಗಳ ಅರ್ಜಿ ಮೇಲಕ್ಕೆ ಹೋಗೇ ಇಲ್ಲ.”

“ಶಾಲೆ ಕಮಿಟಿ ವಿಷ್ಣುಪ್ರಸಾದರ ಮಗಂಗಾ? ಅವ್ನು ಪೇಪರ್ರು ಪಟಪಟ ಓದ್ತಾನಲ್ಲ ಸಾ!”

“ಅವನ ಹತ್ರನೂ ಸರ್ಟಿಫಿಕೇಟ್ ಇದೆ ಮಾರಾಯ್ತಿ. ಇವಳು ಫೇಲಾದ್ರೆ ಪಾತ್ರೆ ತಿಕ್ಕೋಕೆ ಇಬ್ಬರಾಗ್ತೀರಿ, ಹೋಗು.”

“ನಿಮ್ಮನೆ ಎಂಜಲು ಬಳಿದಿದ್ದು ಇದ್ಕೇನೋ, ಬೋಳಿಮಗನೆ!”

ಕಾವಲಿಗಿದ್ದ ಪೊಲೀಸಿನವನು ಈಶ್ವರಮ್ಮನ ರಟ್ಟೆ ಹಿಡಿದು ಗೇಟಿನಾಚೆ ದಬ್ಬಿದ.

ಮಾನಸ ಸಮತಾಳ ಪಕ್ಕದಲ್ಲೇ ಹಾದುಹೋದಳು. ಚಳಿಗಾಲವೆಲ್ಲ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು, ಒಬ್ಬಳು ಹೇಳಿ ಒಬ್ಬಳು ಬರೆದು, ಕೈ ಪಳಗಿಸಿಕೊಂಡಿದ್ದರು. “ಪ್ರಣವಂಗೆ ಬರೀದಿದ್ರೆ ನಮ್ಮಪ್ಪನ್ನ ವಿಷ್ಣುಪ್ರಸಾದರ ಮಿಲ್ಲಿಂದ ತೆಗೀತಾರಂತೆ ಕಣೇ,” ಎಂದಳು, ಮುಖ ನೋಡದೆ.

ಬೆಲ್ಲಾಯಿತು. ಸಮಾಜ ವಿಜ್ಞಾನ. ಪ್ರಶ್ನೆಯನ್ನಾದರೂ ಓದಿಹೇಳಿ ಎಂದು ಸಮತಾ ಕೇಳಿಕೊಂಡಳು. “ಆರ್ಡರಿಲ್ಲ ಕಣಮ್ಮ,” ಎಂದರು ಕೋಣೆಯ ಮೇಡಂ.

ಸಮತಾ ಎದ್ದು ನಿಂತಳು. ಮೊದಲ ಪ್ರಶ್ನೆಯ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಗಟ್ಟಿಯಾಗಿ ಓದಿದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಉತ್ತರ ಹೇಳತೊಡಗಿದಳು. ಎಲ್ಲೂ ತಡವರಿಸಲಿಲ್ಲ. ನಗು ನಿಂತಿತು.

“ಬಾಯ್ಮುಚ್ಚೇ! ಡಿಬಾರ್ ಮಾಡಿಸ್ತೀನಿ!” ಓಡಿಬಂದ ಹೆಡ್ಮಾಸ್ಟರು ಕೈ ಎತ್ತಿದರು. ಗೋಡೆಯ ಮೇಲಿನ ಕ್ಯಾಮೆರಾ ಕಂಡು ಇಳಿಸಿದರು.

“ಬರೆಯೋರನ್ನ ಕಿತ್ಕೊಂಡ್ರಲ್ಲ ಸಾ, ಈಗ ನೀವೇ ಬರ್ಕೊಳ್ಳಿ,” ಎಂದು ಸಮತಾ ಎರಡನೆಯ ಪ್ರಶ್ನೆಗೆ ಬೆರಳಿಟ್ಟಳು.

ಅವಳು ಹೇಳುತ್ತ ಹೋದಂತೆ ಕೋಣೆಯ ತಲೆಗಳೆಲ್ಲ ಬಗ್ಗಿದವು, ಪೆನ್ನುಗಳೆಲ್ಲ ಓಡಿದವು. ಅವಳ ಮುಂದಿನ ಹಾಳೆ ಮಾತ್ರ ಬೆಳ್ಳಗೆ ಬಿದ್ದಿತ್ತು.