‘ವ’ ಬಿಟ್ಟ ಸಲಾಮು

“ನಮ್ಮ ಮುಖಪುಟ ನೋಡಿದವರಿಗೆ ಏನನ್ನಿಸತ್ತೆ? ಮುಚ್ಚುಮರೆ ಬೇಡ, ಹೇಳು,” ಎಂದು ಅಬು ಸಖ್ರ್ ಕೇಳಿದರು.

ರುಬಾ ಚಹಾದ ಲೋಟ ಕೆಳಗಿಟ್ಟಳು. “ಮದುವೆ ಊಟಕ್ಕೆ ಬಂದವರು ದಾರಿ ತಪ್ಪಿ ಪಾತ್ರೆ ತೊಳೆಯೋ ಜಾಗಕ್ಕೆ ಹೋದ ಹಾಗೆ ಅನ್ನಿಸತ್ತೆ.”

“ನಿಜ ಹೇಳು ಅಂದೆ. ಮರ್ಯಾದೆ ತೆಗಿ ಅನ್ನಲಿಲ್ಲ, ಇಂಜಿನಿಯರಮ್ಮ.”

“ನೀವೇ ನೋಡಿ. ಬಾಗಿಲಲ್ಲೇ ನಿಯಮಗಳು, ನಿಯಮದ ಕೆಳಗೆ ಹಳೇ ಜಗಳ, ಜಗಳದ ಕೆಳಗೆ ಕುಣಿಯೋ ಬಾವುಟ. ಆಡೋಕೆ ಬಂದವನಿಗೆ ಆಟ ಎಲ್ಲಿದೆ ಅಂತಾನೇ ಗೊತ್ತಾಗಲ್ಲ.”

ಜೋರ್ಡಾನ್ ದೇಶದ ಇರ್ಬಿದ್‌ನ ವಿಶ್ವವಿದ್ಯಾಲಯ ರಸ್ತೆಯಲ್ಲಿ ಅಬು ಸಖ್ರ್ ಒಂದು ಕಾಲಕ್ಕೆ ಇಂಟರ್‌ನೆಟ್ ಕೆಫೆ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಹುಡುಗರೇ ಸೇರಿಕೊಂಡು ‘ಬುರ್ಜ್’ ಎಂಬ ಆನ್‌ಲೈನ್ ಆಟವನ್ನು ಕಟ್ಟಿದ್ದರು. ಬುರ್ಜ್ ಎಂದರೆ ಬುರುಜೇ. ಒಂದು ದೊಡ್ಡ ಬಯಲು. ಪ್ರತಿ ಸದಸ್ಯನೂ ಅದರಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ತನ್ನ ಬುರುಜನ್ನು ಎಬ್ಬಿಸಬೇಕು, ನೆರೆಯವರು ಕೆಡವದಂತೆ ಕಾಯಬೇಕು. ಕಾಲಕ್ರಮದಲ್ಲಿ ಕೆಫೆ ಮುಚ್ಚಿತು. ಕೆಳಗೆ ಈಗ ಮೊಬೈಲ್ ಕವಚಗಳ ಅಂಗಡಿ. ಮೇಲಿನ ಕೋಣೆಯಲ್ಲಿ ಉಳಿದದ್ದು ಅಬು ಸಖ್ರ್, ಅವರ ಸರ್ವರ್, ಗೋಡೆಯಿಂದ ಕಿತ್ತ ಹಳೆಯ ತಂತಿಗಳ ತುದಿಗಳು. ಆಡುವವರು ಬೆರಳೆಣಿಕೆಗೆ ಇಳಿದಿದ್ದರು. ವರ್ಷದ ಕೊನೆಯೊಳಗೆ ಜನ ಸೇರದಿದ್ದರೆ ಸರ್ವರ್ ನಿಲ್ಲಿಸುವುದಾಗಿ ಅವರು ಎಲ್ಲರಿಗೂ ಹೇಳಿಯಾಗಿತ್ತು.

ರುಬಾಗೆ ಆಟದಲ್ಲಿ ಆಸಕ್ತಿ ಇರಲಿಲ್ಲ. ಅವಳ ತಮ್ಮ ಔನ್‌ನ ಬುರುಜು ಅಲ್ಲಿತ್ತು, ಅಷ್ಟೇ. ಜೋರ್ಡಾನ್ ಕಣಿವೆಯ ರಸ್ತೆಯಲ್ಲಿ ಕಾರು ಮಗುಚಿ ಔನ್ ಸತ್ತು ಎರಡು ವರ್ಷವಾಗಿತ್ತು. ಅವನ ಬಟ್ಟೆಗಳನ್ನು ತಾಯಿ ಹಂಚಿಬಿಟ್ಟಿದ್ದಳು. ಫೋನು ಕಾರಿನೊಳಗೇ ಪುಡಿಯಾಗಿತ್ತು. ಅವನ ಕೈಯಿಂದ ಆದದ್ದು ಎಂದು ಉಳಿದಿದ್ದು ಅದೊಂದೇ: ಬಯಲಿನ ಪಡುವಣ ಅಂಚಿನಲ್ಲಿ, ಮೆಟ್ಟಿಲುಗಳನ್ನು ಹೊರಗೋಡೆಗೆ ಸುತ್ತಿಸಿದ, ಅರ್ಧಕ್ಕೆ ನಿಂತ ಬುರುಜು. ಸತ್ತವನ ಕಟ್ಟಡವೆಂದು ನೆರೆಯವರೂ ಅದನ್ನು ಮುಟ್ಟಿರಲಿಲ್ಲ. ಸರ್ವರ್ ನಿಂತರೆ ಅದೂ ಇಲ್ಲ. ಮುಖಪುಟ ಸರಿಮಾಡಿಕೊಡುತ್ತೇನೆ ಎಂದು ಅವಳು ತಾನಾಗಿಯೇ ಮುಂದೆ ಬಂದದ್ದು ಅದಕ್ಕೆ.

ಕೆಲಸವನ್ನು ಅವಳು ಕಾಲೇಜಿನ ಪ್ರಯೋಗದಂತೆ ನಡೆಸಿದಳು. ಬಂದವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿಂದ ಹೊರಟುಹೋಗುತ್ತಾರೆ ಎಂದು ಗಮನಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿದಳು. ಬಾವುಟಗಳು ಹೋದವು. ಜಗಳಗಳು ಒಳಕೋಣೆಗೆ ಸರಿದವು. ಬಯಲಿನ ಚಿತ್ರ ಮುಂದೆ ಬಂತು. ಅದರ ಬದಿಯಲ್ಲಿ ಎರಡು ಸಾಲು: ಈಗ ಹಾಜರಿರುವವರು, ಗೈರುಹಾಜರಾದವರು. ಕೊನೆಗೆ ಉಳಿದದ್ದು ಮೇಲಿನ ಸಲಾಮು.

“ಬಂದವರಿಗೆ ಸಲಾಮು ಹೇಳದೆ ಹೋದರೆ ಅದು ಮನೆಯಾ, ಬಸ್ ನಿಲ್ದಾಣವಾ?” ಎಂದು ಅಬು ಸಖ್ರ್ ಮೊದಲೇ ಎಚ್ಚರಿಸಿದ್ದರು.

ಹಳೆಯ ಪುಟ ಎಲ್ಲರಿಗೂ ‘ಅಸ್ಸಲಾಮು ಅಲೈಕುಮ್’ ಎನ್ನುತ್ತಿತ್ತು. ರುಬಾಗೆ ಅದು ತಪ್ಪೆನಿಸಿತು. ಸಲಾಮು ಮೊದಲು ಹೇಳಬೇಕಾದವನು ಬಾಗಿಲು ದಾಟಿ ಬರುವವನು, ಒಳಗಿದ್ದವರು ಉತ್ತರಿಸುತ್ತಾರೆ. ಪುಟ ಒಳಗಿರುವುದು. ಹಾಗಾದರೆ ಅದು ಹೇಳಬೇಕಾದದ್ದು ‘ವ ಅಲೈಕುಮ್ ಸಲಾಮ್’, ನಿಮ್ಮ ಮೇಲೂ ಶಾಂತಿ ಇರಲಿ. ಹಾಗೆಯೇ ಬರೆದಳು. ಆದರೆ ಸಾಲಿನ ಮೊದಲಿನ ಆ ‘ವ’, ‘ಊ’ ಎಂಬರ್ಥ ಕೊಡುವ, ಅರಬ್ಬಿಯಲ್ಲಿ ಒಂದೇ ಕೊಕ್ಕೆಯಂಥ ಅಕ್ಷರ, ಬಲತುದಿಯಲ್ಲಿ ಒಂಟಿಯಾಗಿ ಜೋತುಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಅಲ್ಲದೆ, ಬಂದವರು ಪುಟಕ್ಕೆ ಸಲಾಮನ್ನೇ ಹೇಳಿಲ್ಲ. ಮೊದಲಿನ ಮಾತಿಲ್ಲದ ಮೇಲೆ ‘ಮೇಲೂ’ ಎನ್ನುವ ‘ಊ’ ಎಲ್ಲಿಂದ? ತರ್ಕ ಸರಿಯಾಗಿಯೇ ಇತ್ತು. ಅವಳು ‘ವ’ ತೆಗೆದಳು. ‘ಅಲೈಕುಮ್ ಸಲಾಮ್’ ಪುಟದ ನಡುವೆ ಹದವಾಗಿ ಕೂತಿತು.

ಹೊಸ ಮುಖಪುಟ ಏರಿದ ಮೊದಲ ಶುಕ್ರವಾರ, ಜುಮಾ ನಮಾಜಿಗೆ ಬೀದಿಯ ಅಂಗಡಿಗಳೆಲ್ಲ ಬಾಗಿಲೆಳೆದಿದ್ದ ಹೊತ್ತಿನಲ್ಲಿ, ಹಾಜರಿಯ ಸಾಲು ಬೆಳೆಯತೊಡಗಿತು.

ಸಂಜೆಯ ಮುಂಚೆ, ಮುಖಪುಟ ತೆರೆಯದೆ ಸರ್ವರ್ ಯಂತ್ರದಲ್ಲೇ ಎಲ್ಲ ನೋಡುವ ಅಬು ಸಖ್ರ್ ಫೋನು ಮಾಡಿದರು. “ನಿನ್ನ ಕೈಗೆ ಬಂಗಾರದ ಬಳೆ ಹಾಕಬೇಕು. ಹಳಬರೆಲ್ಲ ವಾಪಸ್ ಬರ್ತಿದ್ದಾರೆ. ಕುಂಟ ಜಿಹಾದ್ ಬಂದಿದ್ದಾನೆ, ನೋಡಿದೆಯಾ? ದುಬೈಗೆ ಹೋಗಿ ನಮ್ಮನ್ನ ಮರೆತ ಅಂದ್ಕೊಂಡಿದ್ದೆ ಆ ಕತ್ತೇನ.”

“ಏನಂದ?”

“ಏನೂ ಇಲ್ಲ. ಬಂದವರು ಯಾರೂ ಮಾತಾಡ್ತಿಲ್ಲ. ದೊಡ್ಡ ಮನುಷ್ಯರಾಗಿದ್ದಾರೆ. ಸುಮ್ಮನೆ ಕಲ್ಲು ಹೊರ್ತಿದ್ದಾರೆ.”

ಕುಂಟ ಜಿಹಾದನ ಪೂರ್ತಿ ಹೆಸರನ್ನು ರುಬಾ ಹುಡುಕಿದಳು. ಅವನ ಊರಿನವರು ಹಾಕಿದ್ದ ಸಾವಿನ ಸುದ್ದಿ ಸಿಕ್ಕಿತು, ಹಳೆಯದು. ಇನ್ನೊಂದು ಹೆಸರು ಹುಡುಕಿದಳು, ಅದೂ ಸತ್ತವನದೇ. ಮೂರನೆಯದರ ಹೊತ್ತಿಗೆ ಹುಡುಕುವುದನ್ನು ನಿಲ್ಲಿಸಿ, ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಯಾಕೆಂದರೆ ಸಾಲಿನ ಕೊನೆಯಲ್ಲಿ ಔನ್‌ನ ಹೆಸರು ಬಂದಿತ್ತು, ಪಕ್ಕದಲ್ಲಿ ಹಸಿರು ಚುಕ್ಕೆಯೊಂದಿಗೆ.

ಭಯಕ್ಕೆ ಮುಂಚೆ ಅವಳಿಗೆ ಬಂದದ್ದು ಅಭ್ಯಾಸದ ಅನುಮಾನ. ಯಾರೋ ಹಳೆಯ ಗುಪ್ತಪದಗಳನ್ನು ಕದ್ದಿರಬಹುದು. ಆದರೆ ಯಾರೂ ಗುಪ್ತಪದ ಹಾಕಿಯೇ ಇರಲಿಲ್ಲ. ಒಳಗೇ ಇದ್ದವರಂತೆ ಇದ್ದರು. ಯಾವುದೋ ಯಂತ್ರ ಹೆಸರುಗಳನ್ನು ಆಡಿಸುತ್ತಿರಬಹುದು. ಆದರೆ ಯಂತ್ರ ಒಂದೇ ಹದದಲ್ಲಿ ಕಲ್ಲಿಡುತ್ತದೆ. ಇವರಲ್ಲಿ ಒಬ್ಬ ಬೇಗ, ಒಬ್ಬ ನಿಧಾನ, ಒಬ್ಬ ಇಟ್ಟದ್ದನ್ನು ತೆಗೆದು ಮತ್ತೆ ಇಡುತ್ತಿದ್ದ. ಎಲ್ಲಿಂದ ಬರುತ್ತಿದ್ದಾರೆಂದು ನೋಡಿದಳು. ಎಲ್ಲರೂ ಒಂದೇ ವಿಳಾಸದಿಂದ, ಮುಚ್ಚಿಹೋದ ಕೆಫೆಯ ಹಳೆಯ ಸಂಪರ್ಕದಿಂದ ಬಂದಿದ್ದರು. ಆ ತಂತಿಯನ್ನು ಅಬು ಸಖ್ರ್ ಗೋಡೆಯಿಂದ ಕಿತ್ತದ್ದನ್ನು ಅವಳೇ ನೋಡಿದ್ದಳು.

ಪಡುವಣ ಅಂಚಿನಲ್ಲಿ ಹೊರಗೋಡೆಯ ಮೆಟ್ಟಿಲು ಒಂದು ಸುತ್ತು ಮೇಲೇರಿತ್ತು. ಹೊರಗೆ ಮೆಟ್ಟಿಲಿಟ್ಟರೆ ಶತ್ರು ಹತ್ತುತ್ತಾನಲ್ಲೋ ಎಂದು ಎಲ್ಲರೂ ಔನ್‌ನನ್ನು ಗೇಲಿ ಮಾಡುತ್ತಿದ್ದರು. ಹತ್ತಲಿ, ಮೇಲೆ ಬಂದರೆ ಚಹಾ ಕೊಡ್ತೀನಿ ಎನ್ನುತ್ತಿದ್ದ ಅವನು.

ಅಂದಿನಿಂದ ಅವಳು ಮಧ್ಯಾಹ್ನಗಳನ್ನು ಆ ಬಯಲಿನಲ್ಲೇ ಕಳೆದಳು. ಮನೆಯಲ್ಲಿ ಅವಳ ಕೋಣೆಯ ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬೀಳುತ್ತಿತ್ತು, ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಗಾಡಿಯ ಸಂಗೀತ ಹಾದುಹೋಗುತ್ತಿತ್ತು, ಪರದೆಯಲ್ಲಿ ತಮ್ಮ ಕಲ್ಲಿಡುತ್ತಿದ್ದ. ಅವಳು ಬರೆದ ಯಾವ ಮಾತಿಗೂ ಉತ್ತರವಿರಲಿಲ್ಲ. ಆದರೆ ಅವನು ಇದ್ದ. ಬೇರೆ ಏನನ್ನೂ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಒಂದು ದಿನ ಬೇಕರಿಯಲ್ಲಿ ರೊಟ್ಟಿ ಕಟ್ಟುವವನು ಅವಳ ತಲೆಯ ಮೇಲಿಂದ ಕೈ ಚಾಚಿ ಹಿಂದಿನವರಿಗೆ ಕೊಟ್ಟ, ಅವರ ಹಿಂದಿನವರಿಗೂ ಕೊಟ್ಟ. ಅವಳು ಎರಡು ಸಲ ಕೇಳಿ, ಬರಿಗೈಯಲ್ಲಿ ಹೊರಬಂದಳು. ಅಬು ಸಖ್ರ್‌ಗೆ ಫೋನು ಮಾಡಿದರೆ ಅವರು, “ಹಲೋ? ಯಾರದು? ಉಸಿರಾಡೋದು ಕೇಳಿಸ್ತಿದೆ, ಮಾತಾಡಪ್ಪ,” ಎನ್ನುತ್ತಲೇ ಇದ್ದರು. ಅವಳು ಮಾತಾಡುತ್ತಲೇ ಇದ್ದಳು. ಆಮೇಲೆ ಅವರಿಂದ ಸಂದೇಶ ಬಂತು: ‘ಎಲ್ಲಿ ಮಾಯವಾದೆ? ತಮ್ಮನ ಹೆಸರಲ್ಲಿ ಆಡ್ತಿರೋದು ನೀನೇ ಇರಬೇಕು, ನಿನ್ನ ಹೆಸರಲ್ಲಿ ಬುರ್ಜ್‌ಗೆ ಬಂದು ಎಷ್ಟು ದಿನ ಆಯ್ತು? ಹಳಬರು ಬಂದರು, ದಿನಾ ಆಡೋ ಹುಡುಗರು ಒಬ್ಬರೂ ಕಾಣ್ತಿಲ್ಲ.’

ಅವಳು ಆಗ ಬುರ್ಜ್‌ನಲ್ಲೇ ಇದ್ದಳು. ಎರಡು ಸಾಲುಗಳನ್ನೂ ನಿಧಾನವಾಗಿ ಓದಿದಳು. ಅವಳ ಹೆಸರು ಗೈರುಹಾಜರಾದವರ ಸಾಲಿನಲ್ಲಿತ್ತು. ದಿನವೂ ಆಡುತ್ತಿದ್ದ ಹುಡುಗರ ಹೆಸರುಗಳೂ ಅವಳ ಕೆಳಗೇ ಇದ್ದವು.

ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋದಳು. ತಾಯಿ, ಊರವರ ಬಾಯಲ್ಲಿ ಇನ್ನೂ ‘ಉಮ್ಮು ಔನ್’, ಔನ್ ಎಂಬವನ ಅಮ್ಮ, ನೆಲದ ಮೇಲೆ ಪತ್ರಿಕೆ ಹಾಸಿಕೊಂಡು ಮುಲುಖಿಯ್ಯಾ ಸೊಪ್ಪು ಬಿಡಿಸುತ್ತಿದ್ದಳು. ರುಬಾ ಸಲಾಮು ಹೇಳಿದಳು. ತಾಯಿ ಎಲೆ ಬಿಡಿಸುತ್ತಲೇ ಇದ್ದಳು. ಇನ್ನೊಮ್ಮೆ ಹೇಳಿದಳು. ಸಲಾಮಿಗೆ ಉತ್ತರಿಸದೆ ಬಿಡುವ ಹೆಂಗಸಲ್ಲ ಅವಳು. ರೇಡಿಯೊದವನು ಹೇಳಿದರೂ ಉತ್ತರಿಸುವವಳು. ರುಬಾ ಎದುರಿಗೆ ಕೂತು ಅವಳ ಮಣಿಕಟ್ಟು ಹಿಡಿದಳು.

ತಾಯಿ ಬೆಚ್ಚಿದಳು. “ಯಮ್ಮಾ, ಯಾವಾಗ ಬಂದೆ? ಕೈ ಯಾಕೆ ಇಷ್ಟು ತಣ್ಣಗಿದೆ?” ಅಲ್ಲಿನ ತಾಯಂದಿರು ಮಕ್ಕಳನ್ನೂ ‘ಅಮ್ಮಾ’ ಎಂದೇ ಕರೆಯುವುದು.

“ಮನೇಲೇ ಇದ್ದೆ.”

“ಸುಳ್ಳು ಹೇಳಬೇಡ. ನಿನ್ನ ಕೋಣೆಗೆ ಎರಡು ಸಲ ಹೋಗಿ ಬಂದೆ.” ಅವಳ ಕಣ್ಣು ಪರದೆಯ ಮೇಲೆ ಬಿತ್ತು. ಕನ್ನಡಕವಿಲ್ಲದೆ ಅವಳಿಗೆ ಕಾಣುತ್ತಿದ್ದುದು ದೊಡ್ಡಕ್ಷರದ ಆ ಒಂದು ಸಾಲು ಮಾತ್ರ. “ಇದನ್ನ ಯಾರು ಬರೆದದ್ದು?”

“ನಾನೇ. ಬಂದವರಿಗೆ ಉತ್ತರ.”

“‘ವ’ ಎಲ್ಲಿ?”

“ಬೇಡ ಅಂತ ತೆಗೆದೆ. ಅಂದವಾಗಿರಲಿಲ್ಲ.”

ತಾಯಿ ಕೈಗಂಟಿದ ಎಲೆಗಳನ್ನು ಒರೆಸಿಕೊಂಡಳು. “ಇಷ್ಟು ಓದಿ ಏನು ಬಂತು ನಿನಗೆ? ‘ವ’ ಇದ್ದರೆ ಉತ್ತರ. ಇಲ್ಲದೆ, ‘ಅಲೈಕುಮ್’ ಅಂತ ಮೊದಲು ಮಾಡಿದರೆ, ಅದು ಸತ್ತವರಿಗೆ ಹೇಳೋ ಸಲಾಮು ಅಂತ ನನ್ನಪ್ಪ ಗದರಿಸ್ತಿದ್ದ. ಬದುಕಿದ್ದವರಿಗೆ ಯಾರೂ ಹಾಗೆ ಹೇಳಲ್ಲ. ಯಾರ್‍ಯಾರಿಗೆ ಹೇಳಿದ್ದೀಯ ಇದನ್ನ?”

“ಎಲ್ಲರಿಗೂ,” ಎಂದಳು ರುಬಾ. “ನನಗೂ.”

“ಸರಿ ಮಾಡು. ಈಗಲೇ.”

ಸರಿ ಮಾಡುವುದೆಂದರೆ ಒಂದು ಅಕ್ಷರ. ರುಬಾ ಆ ಸಾಲನ್ನು ತೆರೆದು, ಬೆರಳನ್ನು ಕೀಲಿಯ ಮೇಲಿಟ್ಟು, ಒತ್ತಲಾರದೆ ಕೂತಳು. ಪರದೆಯ ಇನ್ನೊಂದು ಬದಿಯಲ್ಲಿ ಔನ್ ಕಲ್ಲಿಡುತ್ತಿದ್ದ. ಇದನ್ನು ಒತ್ತಿದರೆ ಅವನು ಎರಡನೆಯ ಸಲ ಹೋಗುತ್ತಾನೆ, ಈ ಸಲ ಅವಳ ಕೈಯಿಂದ. ಒತ್ತದಿದ್ದರೆ ಇನ್ನೆಷ್ಟು ದಿನ ತಾಯಿಗೆ ಅವಳ ಕೈಯ ಹಿಡಿತವಾದರೂ ತಿಳಿದೀತು? ಒಬ್ಬ ಮಗನನ್ನು ಮಣ್ಣಿಗಿಟ್ಟವಳು, ಮಗಳು ಎದುರಿಗೇ ಕೂತಿದ್ದರೂ ಬಾಗಿಲು ನೋಡುತ್ತ ಕಾಯುತ್ತಾಳೆ. ಆಗಲೇ ತಾಯಿಯ ನೋಟ ಅವಳ ಮುಖದಿಂದ ಜಾರಿ ಹಿಂದಿನ ಗೋಡೆಯ ಮೇಲೆ ನಿಲ್ಲತೊಡಗಿತ್ತು.

ಸದಸ್ಯರ ಮಾತಿನ ಪೆಟ್ಟಿಗೆಯಲ್ಲಿ ಒಂದು ಸಾಲು ಮೂಡಿತು. ಅಷ್ಟು ದಿನಗಳಲ್ಲಿ ಮೊದಲನೆಯದು. ಔನ್‌ನ ಹೆಸರು, ಅದರ ಮುಂದೆ: ‘ಅಸ್ಸಲಾಮು ಅಲೈಕುಮ್’.

ಬರುವವನೂ ಅದನ್ನೇ ಹೇಳುತ್ತಾನೆ, ಎದ್ದು ಹೊರಡುವವನೂ ಅದನ್ನೇ. ಯಾವುದಕ್ಕೆ ಹೇಳಿದ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯುವ ಬಗೆಯೂ ಇರಲಿಲ್ಲ. ಎರಡಕ್ಕೂ ಉತ್ತರ ಮಾತ್ರ ಒಂದೇ, ಅದನ್ನು ಕೊಡದೆ ಇರುವ ಹಾಗಿಲ್ಲ. ಅವಳು ‘ವ’ ಒತ್ತಿದಳು.

ಹಾಜರಿಯ ಸಾಲು ಮೇಲಿನಿಂದ ಕೆಳಕ್ಕೆ ಖಾಲಿಯಾಗುತ್ತ ಬಂತು. ಔನ್‌ನ ಹೆಸರು ಕೊನೆಯದು.

“ಮುಖ ಬಿಳಿಚಿಕೊಂಡಿದೆ, ಯಮ್ಮಾ. ಏನಾದರೂ ತಿಂದೆಯಾ?” ಎಂದಳು ತಾಯಿ, ಅವಳನ್ನೇ ನೋಡುತ್ತ.

ಅಬು ಸಖ್ರ್ ಫೋನು ಮಾಡಿ ಗೋಳಾಡಿದರು. “ಏನು ಮಾಡಿದೆ? ಮನೆ ತುಂಬಾ ಜನ ಇದ್ದರು, ಒಂದೇ ಏಟಿಗೆ ಎದ್ದು ಹೋದರು.”

“ಒಂದು ಅಕ್ಷರ ಬಿಟ್ಟುಹೋಗಿತ್ತು, ಸೇರಿಸಿದೆ.”

“ಹಾಗೇ ಬಿಡಬೇಕಿತ್ತು, ತಾಯಿ. ಅದಿಲ್ಲದೆ ಚೆನ್ನಾಗಿತ್ತು.”

“ಇನ್ನೊಂದು ಸಲ ಹಾಗೆ ಹೇಳಬೇಡಿ,” ಎಂದಳು ರುಬಾ. ಅವಳ ಧ್ವನಿ ಕೇಳಿ ಅವರು ಯಾಕೆಂದು ಕೇಳಲಿಲ್ಲ. ಸರ್ವರ್ ನಿಲ್ಲಿಸುವ ದಿನದ ಬಗ್ಗೆ ಆಮೇಲೆ ಮಾತಾಡಿದರು. ಅವಳು ಆಗಲಿ ಎಂದಳು.

ಫೋನಿಟ್ಟು, ಒಮ್ಮೆ ನೋಡಿಬಿಡೋಣವೆಂದು ಅವಳು ಬಯಲಿನ ಪಡುವಣ ಅಂಚಿಗೆ ಹೋದಳು. ಬುರುಜು ಪೂರ್ತಿಯಾಗಿತ್ತು. ಮೆಟ್ಟಿಲು ತುದಿಯವರೆಗೂ ಸುತ್ತಿತ್ತು. ಕೆಳಗಿನ ಬಾಗಿಲಿಗೆ ಮಾತ್ರ ಕಲ್ಲು ಜೋಡಿಸಿ ಮುಚ್ಚಲಾಗಿತ್ತು. ಆ ಆಟದಲ್ಲಿ ಕಲ್ಲಿನ ನುಣುಪು ಮುಖ ಇಟ್ಟವನ ಕಡೆಗೇ ಇರುತ್ತದೆ, ಒರಟು ಮುಖ ಆಚೆಗೆ. ಬಾಗಿಲಿನ ಕಲ್ಲುಗಳನ್ನು ಅವಳು ಒಂದೊಂದಾಗಿ ನೋಡಿದಳು. ಹೊರಗೆ ನಿಂತ ಅವಳ ಕಡೆಗಿದ್ದುದೆಲ್ಲ ಒರಟು ಮುಖ.